ಮೊದಲು ಇಳಿಸಿ, ಆಮೇಲೆ ಮಾತು

"ಏನ್ರೀ, ನಿಮಗೇ ಹೇಳ್ತಿರೋದು! ಮೊದ್ಲು ಅದನ್ನ ಕೆಳಗಿಳಿಸಿ!"

ಬೆನ್ನ ಹಿಂದಿನಿಂದ ಬಂದ ಕೂಗಿಗೆ ಕನ್ನಡಕದಂಗಡಿಯವನು ತಿರುಗಿ ನೋಡಲಿಲ್ಲ. ಎರಡು ಹೆಬ್ಬೆರಳೂ ಡ್ರೋನಿನ ರಿಮೋಟಿನ ಮೇಲಿದ್ದವು, ಕಣ್ಣು ಅಂಗೈಯಗಲದ ಪರದೆಗೆ ಅಂಟಿಕೊಂಡಿತ್ತು. ಪರದೆಯಲ್ಲಿ ಆಳೆತ್ತರದ ಜೊಂಡು, ಜೊಂಡಿನ ನಡುವೆ ಕೆಸರು, ಕೆಸರಿನಲ್ಲಿ ಒಂದು ಹರಿದ ಟಾರ್ಪಾಲು, ನಾಲ್ಕು ಬೆಳ್ಳಕ್ಕಿ. ಹಳದಿ ಬಣ್ಣದ್ದು ಏನೂ ಇಲ್ಲ. ಹಳದಿ ಸ್ವೆಟರ್ ತೊಟ್ಟ ಅರವತ್ತೆರಡು ವರ್ಷದ ಹೆಂಗಸೊಬ್ಬಳು ಆ ಜೊಂಡಿನಲ್ಲಿ ಎಲ್ಲೋ ಇರಬೇಕು, ಇಲ್ಲವೇ ಅದರಾಚೆಯ ಹಳೇ ಕಲ್ಲುಕ್ವಾರಿಗಳ ಹತ್ತಿರ ಇರಬೇಕು. ಗಂಟೆ ನಾಲ್ಕೂಕಾಲು. ಆರಕ್ಕೆಲ್ಲ ಕತ್ತಲಾಗುತ್ತದೆ. ಕತ್ತಲಾದ ಮೇಲೆ ಚಳಿ ಬೇರೆ.

ಆಕೆ ಅವನ ಅಕ್ಕ. ತಾಯಿಯಿಲ್ಲದ ಮನೆಯಲ್ಲಿ ಅವನ ಮೂಗು ಒರೆಸಿ, ತಲೆ ಬಾಚಿ, ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ, ಕಿಟಕಿಯಲ್ಲಿ ಸ್ಟಾಂಪು ಮಾರುವ ಕೆಲಸ ಹಿಡಿದು ಅವನನ್ನು ಓದಿಸಿದವಳು. ಮೂವತ್ತನಾಲ್ಕು ವರ್ಷದಲ್ಲಿ ಒಂದು ಕಾಗದವನ್ನೂ ತಪ್ಪು ಚೀಲಕ್ಕೆ ಹಾಕಿದವಳಲ್ಲ. ಅಂಥವಳಿಗೆ ಎರಡು ವರ್ಷದಿಂದ ಮರೆವು. ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ಆಟೋದಲ್ಲಿ ವಾಪಸು ಬರುವಾಗ ತಮ್ಮನ ಕೈ ಹಿಡಿದುಕೊಂಡು ಒಂದೇ ಒಂದು ಮಾತು ಕೇಳಿದ್ದಳು. "ನನಗೆ ಹೀಗಾಗಿದೆ ಅಂತ ಹೊರಗಿನವರು ಯಾರಿಗೂ ಗೊತ್ತಾಗಬಾರದು ಕಣೋ. ನನ್ನಾಣೆ." ಅವನು ಆಣೆ ಇಟ್ಟಿದ್ದ. ಇವತ್ತು ಎರಡೂವರೆಗೆ ಅವನ ಹೆಂಡತಿ ಒಣಗಿದ ಬಟ್ಟೆ ತರಲು ಮಹಡಿಗೆ ಹೋಗಿ ಬರುವಷ್ಟರಲ್ಲಿ ಬೀದಿ ಬಾಗಿಲು ಹಾರುಹೊಡೆದಿತ್ತು. ಠಾಣೆಯಲ್ಲಿ ಹೆಸರು ಬರೆದುಕೊಂಡು "ಜೀಪು ಬರಲಿ, ನೋಡೋಣ" ಎಂದರು. ಹಳದಿ ಸ್ವೆಟರಿನವರು ಕೊನೆಯ ಸ್ಟಾಪಿನಲ್ಲಿ ಇಳಿದು ಈ ಹೊಸ ಬಡಾವಣೆಯ ಕಡೆ ನಡೆದರು ಎಂದು ಬಸ್ಸಿನ ಕಂಡಕ್ಟರು ಹೇಳಿದ. ಕನ್ನಡಕದವನು ಅಂಗಡಿಯ ಬಾಗಿಲು ಎಳೆದು, ಡ್ರೋನಿನ ಪೆಟ್ಟಿಗೆ ಎತ್ತಿಕೊಂಡು, ಬಡಾವಣೆಯ ತುದಿಯ ಖಾಲಿ ಮೈದಾನಕ್ಕೆ ಬಂದು ನಿಂತಿದ್ದ. ಒಂದು ಬ್ಯಾಟರಿ ಆಗಲೇ ಮುಗಿದಿತ್ತು. ಹಾರುತ್ತಿದ್ದದ್ದು ಎರಡನೆಯದು. ಇನ್ನು ಉಳಿದದ್ದು ಒಂದೇ.

"ಕಿವುಡನಾ ಏನು ಕಥೆ? ಇಳಿಸ್ರೀ ಅಂದ್ರೆ!"

ಅವನ ಹೆಬ್ಬೆರಳು ತಾನಾಗಿ ಹಿಂದಕ್ಕೆ ಬಂತು. ಇಳಿಸಬೇಕೆಂದು ಅವನು ಯೋಚಿಸಲೂ ಇಲ್ಲ, ಅದು ಅವನಿಗೆ ಅಷ್ಟು ರೂಢಿಯಾಗಿತ್ತು. ಮೂರು ವರ್ಷದಲ್ಲಿ ಇಂಥ ಕೂಗನ್ನು ಅವನು ಇಪ್ಪತ್ತೊಂದು ಸಲ ಕೇಳಿದ್ದ. ಕೆರೆಯ ದಂಡೆಯಲ್ಲಿ, ಆಟದ ಬಯಲಿನಲ್ಲಿ, ಒಮ್ಮೆಯಂತೂ ತನ್ನದೇ ಮನೆಯ ಮಹಡಿಯ ಮೇಲೆ. ಒಂದು ಸಲವೂ ಪೆಟ್ಟು ತಿಂದಿರಲಿಲ್ಲ. ಡ್ರೋನ್ ಹವ್ಯಾಸಿಗಳ ಗುಂಪಿಗೆ ಹೊಸಬರು ಬಂದರೆ ಪಾಠ ಹೇಳುವವನೇ ಅವನು. ಮೊದಲು ಇಳಿಸಿ, ಆಮೇಲೆ ಮಾತು. ನಗುನಗುತ್ತಾ ಮಾತಾಡಿ. ಕಾಗದ ಮುಂದೆ ಮಾಡಿ ನೀವು ಹಿಂದೆ ನಿಲ್ಲಿ. ಯಾಕೆ ಹಾರಿಸುತ್ತಿದ್ದೀರಿ ಎಂದು ಮಾತ್ರ ಸತ್ತರೂ ಬಾಯಿ ಬಿಡಬೇಡಿ. ಮೊದಲ ವರ್ಷ ಕೆರೆಯ ಹತ್ತಿರ ಒಬ್ಬನಿಗೆ "ಬೆಳ್ಳಕ್ಕಿ ಗೂಡಿನ ಫೋಟೋ ತೆಗೀತಿದ್ದೀನಿ" ಎಂದು ಇದ್ದದ್ದನ್ನು ಇದ್ದಂತೆ ಹೇಳಿ, "ಬೆಳ್ಳಕ್ಕಿಯೋ, ನಮ್ಮನೆ ಬಚ್ಚಲೋ?" ಎಂದು ಅವನು ಎಗರಿ ಬಿದ್ದಾಗ ಕಲಿತ ಪಾಠ ಅದು. "ಕಾರಣ ಹೇಳೋದು ಅಂದ್ರೆ ಜುಟ್ಟು ಕೈಗೆ ಕೊಟ್ಟ ಹಾಗೆ ಕಣ್ರೀ, ಹಿಡಿದು ಎಳೀತಾರೆ. ಕಾಗದಕ್ಕೆ ಜುಟ್ಟಿಲ್ಲ," ಎನ್ನುತ್ತಿದ್ದ. ಹೊಸಬರು ತಲೆದೂಗುತ್ತಿದ್ದರು.

ಡ್ರೋನು ಕೀರಲು ದನಿಯಲ್ಲಿ ಇಳಿದು ಹುಲ್ಲಿನ ಮೇಲೆ ಕುಳಿತಿತು. ಅವನು ತಿರುಗಿದ. ಎಂಟು ಹತ್ತು ಜನ ಇದ್ದರು. ಮುಂದೆ ಮಫ್ಲರು ಸುತ್ತಿ, ಊರುಗೋಲು ಹಿಡಿದ ಹಿರಿಯರು, ಬಡಾವಣೆಯ ಸಂಘದ ಅಧ್ಯಕ್ಷರಂತೆ. ಅದನ್ನು ಅವರೇ ಮೊದಲು ಹೇಳಿಕೊಂಡರು. ಅವರ ಪಕ್ಕದಲ್ಲಿ ಕೊರಳಿಗೆ ಅಳತೆಯ ಟೇಪು ನೇತುಹಾಕಿಕೊಂಡ ಹೊಲಿಗೆಯಾಕೆ, ಮೂಲೆಮನೆಯವಳು, ಮಿಷಿನ್ನಿನಿಂದ ಎದ್ದು ಬಂದಂತೆ ತೋಳ ಮೇಲೆಲ್ಲ ನೂಲಿನ ತುಣುಕು.

"ನಮಸ್ಕಾರ ಸರ್," ಎಂದು ಕನ್ನಡಕದವನು ನಕ್ಕ. ನಗು ಬಂದದ್ದು ನೋಡಿ ಅವನಿಗೇ ಹೇಸಿಗೆಯಾಯಿತು. ಅಕ್ಕ ಕಾಣೆಯಾಗಿದ್ದಾಳೆ, ಇವನು ಗಿರಾಕಿಗೆ ಫ್ರೇಮು ತೋರಿಸುವವನ ಹಾಗೆ ಹಲ್ಲು ಬಿಡುತ್ತಿದ್ದಾನೆ. ಆದರೂ ಕೈ ತನ್ನ ಪಾಡಿಗೆ ಚೀಲದಿಂದ ಫೈಲು ತೆಗೆಯಿತು. ಒಂದೊಂದು ಹಾಳೆಗೂ ಗಟ್ಟಿ ಪ್ಲಾಸ್ಟಿಕ್ಕು. "ನಮ್ಮ ಮದುವೆ ಫೋಟೋಗೆ ಇಷ್ಟು ಭಾಗ್ಯ ಇಲ್ಲ," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

"ಇದು ಡ್ರೋನಿನ ನೋಂದಣಿ. ಇದು ನನ್ನ ಪೈಲಟ್ ಸರ್ಟಿಫಿಕೇಟು. ಇದು ನಕ್ಷೆ ಸರ್, ಈ ಜಾಗ ಹಸಿರು ವಲಯದಲ್ಲಿದೆ. ನಾನ್ನೂರು ಅಡಿವರೆಗೆ ಯಾರ ಅಪ್ಪಣೆನೂ ಬೇಕಾಗಿಲ್ಲ."

"ಕೇಳಿದ್ರಾ! ನಮ್ಮ ತಲೆ ಮೇಲೆ ಹಾರಿಸೋಕೆ ನಮ್ಮ ಅಪ್ಪಣೆ ಬೇಡ್ವಂತೆ!"

"ನಿಮ್ಮ ತಲೆ ಮೇಲೆ ಹಾರಿಸ್ತಿಲ್ಲ ಸರ್. ಆ ಕಡೆ, ಜೊಂಡಿನ ಮೇಲೆ."

"ಜೊಂಡಿನಲ್ಲಿ ಏನಿದೆ ಅಂತ?"

ಹೇಳಿಬಿಡಬಹುದಾಗಿತ್ತು. ಒಂದು ಕಡೆ ಅಕ್ಕನ ಆಣೆ, ಇನ್ನೊಂದು ಕಡೆ ತಾನೇ ಹೇಳಿಕೊಟ್ಟ ಪಾಠ. ಹೇಳಿದರೆ ಇವರು ನೂರು ಪ್ರಶ್ನೆ ಕೇಳುತ್ತಾರೆ, ನೂರಕ್ಕೂ ಉತ್ತರ ಕೊಡುವಷ್ಟರಲ್ಲಿ ಬೆಳಕು ಹೋಗುತ್ತದೆ. ಮೇಲಿನಿಂದ ನೋಡಿದರೆ ಐದೇ ನಿಮಿಷ, ಕಂಡುಬಿಡುತ್ತಾಳೆ ಎಂದುಕೊಂಡ ಪುಣ್ಯಾತ್ಮ. "ಅದನ್ನ ಹೇಳಲೇಬೇಕು ಅಂತ ಕಾನೂನಲ್ಲಿ ಇಲ್ಲ ಸರ್," ಎಂದ, ಇನ್ನಷ್ಟು ನಯವಾಗಿ.

"ಕಾನೂನು! ಹೋದ ವಾರ ಇಂಥದ್ದೇ ಒಂದು ಹಾರ್ತಿತ್ತು," ಎಂದಳು ಹೊಲಿಗೆಯಾಕೆ. "ಮೂರನೇ ದಿನಕ್ಕೆ ಹಿಂದಿನ ರಸ್ತೆ ಮನೆ ಕಳ್ಳತನ ಆಯ್ತು. ಹಾಡಹಗಲೇ. ಸ್ಕೂಟರಿನವನ ಮನೆ, ಪಾಪ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗೋರು. ಮಗು ಸೈಕಲ್ಲು ಕೂಡ ಬಿಟ್ಟಿಲ್ಲ."

ಹಾಳೆಗಳು ಕೈಯಿಂದ ಕೈಗೆ ಹೋದವು. ಒಬ್ಬ ನಕ್ಷೆಯನ್ನು ತಲೆಕೆಳಗು ಹಿಡಿದು ತನ್ನ ಮನೆ ಹುಡುಕಿದ. ಇನ್ನೊಬ್ಬ ಸರ್ಟಿಫಿಕೇಟಿನ ಫೋಟೋ ನೋಡಿ, ಇವನ ಮುಖ ನೋಡಿ, "ಇದರಲ್ಲಿ ಕೂದಲಿದೆಯಲ್ರೀ?" ಎಂದ. ಅಧ್ಯಕ್ಷರು ಹಾಳೆಯನ್ನು ತೋಳು ಚಾಚಿ ದೂರ ಹಿಡಿದು ತುಟಿ ಅಲ್ಲಾಡಿಸುತ್ತಿದ್ದರು. ಪವರ್ ಪ್ಲಸ್ ಎರಡು ಇರಬೇಕು, ಕನ್ನಡಕ ಮನೆಯಲ್ಲಿ ಬಿಟ್ಟು ಬಂದಿದ್ದಾರೆ, ಬಿಟ್ಟು ಬಂದದ್ದನ್ನು ಒಪ್ಪಿಕೊಳ್ಳುವ ಪೈಕಿಯಲ್ಲ. ಬೇರೆ ದಿನವಾಗಿದ್ದರೆ ಜೇಬಿನಿಂದ ಒಂದು ಜೋಡಿ ತೆಗೆದುಕೊಟ್ಟು ಅವರನ್ನು ಗೆಳೆಯರನ್ನಾಗಿ ಮಾಡಿಕೊಳ್ಳುತ್ತಿದ್ದ. ಇವತ್ತು ಜೇಬಿನಲ್ಲಿ ಫೋನು, ಅಕ್ಕನ ಮಾತ್ರೆಯ ಪಟ್ಟಿ ಬಿಟ್ಟರೆ ಏನೂ ಇರಲಿಲ್ಲ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ.

"ಸಿಕ್ಕಿದ್ರಾ?"

"ಇನ್ನೂ ಇಲ್ಲ."

"ರೀ, ಆಕಾಶ ನೋಡ್ತಾ ನಿಲ್ಲಬೇಡಿ. ಅಲ್ಲಿ ಜನ ಇಲ್ವಾ? ಜನಾನ ಕೇಳಿ! ಒಬ್ಬರಾದ್ರೂ ನೋಡಿರ್ತಾರೆ."

"ಹೂಂ, ಕೇಳ್ತೀನಿ. ಇನ್ನೊಂದು ಸುತ್ತು ನೋಡ್ಬಿಟ್ಟು ಹೇಳ್ತೀನಿ. ಇಡು."

ಫೋನು ಜೇಬಿಗಿಡುವಾಗ ಹತ್ತು ಜೊತೆ ಕಣ್ಣು ಅವನ ಮೇಲಿದ್ದವು.

"ಇನ್ನೂ ಇಲ್ಲ ಅಂದ್ರಲ್ಲ, ಏನಿಲ್ಲ?" ಎಂದರು ಅಧ್ಯಕ್ಷರು. "ಇನ್ನೊಂದು ಸುತ್ತು ನೋಡಿ ಯಾರಿಗೆ ಹೇಳ್ತೀರಿ?"

"ಮನೆಯವಳಿಗೆ ಸರ್. ಮನೆ ವಿಚಾರ."

"ಮನೆ ವಿಚಾರಕ್ಕೆ ಆಕಾಶದಲ್ಲೇನು ಕೆಲಸ?" ಎಂದು ಹಿಂದಿನಿಂದ ಒಬ್ಬ ನಕ್ಕ. ಒಬ್ಬ ಆಗಲೇ ಫೋನು ಕಿವಿಗೆ ಹಚ್ಚಿ ಯಾರನ್ನೋ ಕರೆಯುತ್ತಿದ್ದ. ಕೊನೆಗೆ ಅಧ್ಯಕ್ಷರಿಗೆ ನೋಂದಣಿಯ ಕೆಳಗಿನ ಸರ್ಕಾರದ ಮುದ್ರೆ ಕಂಡಿತು. ಮುದ್ರೆ ದೊಡ್ಡದಿತ್ತು, ಅದಕ್ಕೆ ಕನ್ನಡಕ ಬೇಕಾಗಿರಲಿಲ್ಲ. "ಹತ್ತು ನಿಮಿಷ. ನಮ್ಮ ಕಣ್ಣೆದುರಿಗೆ. ಆಮೇಲೆ ಜಾಗ ಖಾಲಿ ಮಾಡಬೇಕು," ಎಂದು ಹಾಳೆ ವಾಪಸು ಕೊಟ್ಟರು. ಗಂಟೆ ನಾಲ್ಕು ಮೂವತ್ತೈದಾಗಿತ್ತು. ಎಂದೂ ಮರೆಯದವನು ಡ್ರೋನನ್ನು ಆರಿಸುವುದನ್ನೇ ಮರೆತಿದ್ದ. ಎರಡನೆಯ ಬ್ಯಾಟರಿ ಕೂತಲ್ಲೇ ಖಾಲಿಯಾಗಿತ್ತು.

ಮೂರನೆಯದನ್ನು ಹಾಕಿದ. ಈ ಸಲ ಜೊಂಡು ಬಿಟ್ಟು ನೇರ ಕ್ವಾರಿಗಳ ಕಡೆ ಓಡಿಸಿದ. ಮೊದಲ ಹೊಂಡ ಖಾಲಿ, ಎರಡನೆಯದರಲ್ಲಿ ಹಸಿರು ನೀರು. ಮೂರನೆಯದರ ಅಂಚಿನಲ್ಲಿ, ಬಂಡೆಯನ್ನು ಕಡಿದು ಬಿಟ್ಟ ಮೆಟ್ಟಿಲಿನಂಥ ಜಾಗದಲ್ಲಿ, ಉಗುರಿನಷ್ಟು ಹಳದಿ.

ಅವನು ಡ್ರೋನನ್ನು ಇನ್ನೂ ಇಳಿಸಿದ. ಹಳದಿ ಸ್ವೆಟರು, ನರೆತ ತಲೆ, ಮಡಿಲಲ್ಲಿ ಎರಡು ಕೈ. ಅಕ್ಕ ಬಸ್ಸಿಗೆ ಕಾಯುವವಳಂತೆ ಕೂತಿದ್ದಳು. ಕಾಲು ನೀರಿನ ಮೇಲೆ ತೂಗಾಡುತ್ತಿತ್ತು. ಒಂದು ಕಾಲಿಗೆ ಮಾತ್ರ ಚಪ್ಪಲಿ. ಡ್ರೋನಿನ ಸದ್ದಿಗೆ ತಲೆಯೆತ್ತಿ ನೋಡಿ, ಹಗಲಿನ ಬೆಳಕಿಗೆ ಹಣೆಯ ಮೇಲೆ ಅಂಗೈ ಅಡ್ಡ ಹಿಡಿದಳು. ಅಲ್ಲಿಂದ ಮೈದಾನಕ್ಕೆ ಎಷ್ಟು ದೂರ, ಯಾವ ಕಡೆಯಿಂದ ದಾರಿ ಎಂದು ಅವನು ಇನ್ನೂ ಪರದೆಯಲ್ಲಿ ನೋಡುತ್ತಿದ್ದ.

"ಇವನೇನಾ?"

ಸ್ಕೂಟರೊಂದು ಹುಲ್ಲಿನ ಮೇಲೆ ಬಿದ್ದ ಸದ್ದು. ಮೂವತ್ತರ ಆಸುಪಾಸಿನ, ಬಡಕಲು ಮೈಯ ಒಬ್ಬ ಓಡಿ ಬಂದು ರಿಮೋಟಿಗೆ ಕೈ ಹಾಕಿದ. ಕಳ್ಳತನವಾದ ಮನೆಯವನು ಇವನೇ. ಕರೆ ಹೋದದ್ದು ಇವನಿಗೇ.

"ನಮ್ಮಮ್ಮನ ಬಳೆ, ನನ್ನ ಮಗಳ ಸೈಕಲ್ಲು, ಎಲ್ಲಾ ಹೊತ್ಕೊಂಡು ಹೋದ್ರಲ್ಲೋ! ಇನ್ನೇನು ಉಳಿದಿದೆ ಅಂತ ನೋಡೋಕೆ ಬಂದ್ಯೋ?"

"ಬಿಡಿ! ಹಾರುವಾಗ ಪೈಲಟ್ಟನ್ನ ಮುಟ್ಟೋದು ಅಪರಾಧ! ನಿಯಮದ ಪ್ರಕಾರ..."

ಅಯ್ಯೋ ಮಹಾರಾಯ! ಆ ಹೊತ್ತಿನಲ್ಲೂ ಬಾಯಿಗೆ ಬಂದದ್ದು ನಿಯಮ. ಏಟು ಕೆನ್ನೆಗೆ ಬಿತ್ತು. ಕನ್ನಡಕ ಹಾರಿತು. ಅವನು ರಿಮೋಟಿಗೆ ಜೋತುಬಿದ್ದ, ಸ್ಕೂಟರಿನವನೂ ಜೋತುಬಿದ್ದ, ಎಳೆದಾಟದಲ್ಲಿ ಅದು ಕಲ್ಲಿಗೆ ಬಡಿದು ಪರದೆ ಕಪ್ಪಾಯಿತು. ಯಾರದೋ ಕಾಲಡಿ ಕನ್ನಡಕದ ಗಾಜು ಪುಡಿಯಾದ ಸದ್ದು ಅವನಿಗೆ ಕೇಳಿಸಿತು. ದಿನಾ ಕೇಳುವ ಸದ್ದು ಅದು, ಗುರುತು ಹತ್ತದೇ ಇರುತ್ತದೆಯೇ? ಎರಡು ಕೈ ಅವನ ಕೊರಳಪಟ್ಟಿ ಹಿಡಿದಿದ್ದವು, ಇನ್ನೆರಡು ಕೈ ಹಿಂದಿನಿಂದ ತೋಳು ಹಿಡಿದಿದ್ದವು.

ಡ್ರೋನು ಮಾತ್ರ ತನ್ನ ಪಾಠ ಮರೆಯಲಿಲ್ಲ. ರಿಮೋಟಿನ ಸುಳಿವು ತಪ್ಪಿದರೆ ಹೊರಟ ಜಾಗಕ್ಕೆ ವಾಪಸು ಬರಬೇಕೆಂದು ಅದಕ್ಕೆ ಹೇಳಿಟ್ಟಿತ್ತು. ಅಕ್ಕನನ್ನು ಅಲ್ಲೇ ಬಿಟ್ಟು, ಜೊಂಡಿನ ಮೇಲಿಂದ ನೇರ ಗೆರೆ ಹಿಡಿದು ಬಂದು, ಜನರ ನಡುವೆ ಇಳಿಯತೊಡಗಿತು. ಯಾರೋ ಅಧ್ಯಕ್ಷರ ಊರುಗೋಲು ಕಸಿದುಕೊಂಡು ಬೀಸಿದರು. ಡ್ರೋನು ಹುಲ್ಲಿನ ಮೇಲೆ ಮಗುಚಿ ಬಿದ್ದು, ಒಂದೇ ರೆಕ್ಕೆಯನ್ನು ಸ್ವಲ್ಪ ಹೊತ್ತು ಗಿರಗಿರ ತಿರುಗಿಸಿ ನಿಂತಿತು.

ಆಗ ಕನ್ನಡಕದವನು ಬಾಯಿ ಬಿಟ್ಟ.

"ನಮ್ಮಕ್ಕ ಕಣ್ರಪ್ಪಾ! ಅಲ್ಲಿ ನಮ್ಮಕ್ಕ ಇದಾಳೆ, ಕ್ವಾರಿ ಹತ್ರ, ನೀರಿನ ಅಂಚಲ್ಲಿ ಕೂತಿದಾಳೆ! ಅವಳಿಗೆ ಮರೆವಿನ ಕಾಯಿಲೆ, ಅವಳಿಗೆ ಏನೂ ಗೊತ್ತಾಗಲ್ಲ, ಮಧ್ಯಾಹ್ನದಿಂದ ಕಾಣೆಯಾಗಿದಾಳೆ, ನಿಮ್ಮ ದಮ್ಮಯ್ಯ, ಬಿಡಿ ನನ್ನ!"

ಎರಡು ವರ್ಷ ಮನೆಯೊಳಗೆ ಮುಚ್ಚಿಟ್ಟಿದ್ದನ್ನು ಮೈದಾನದಲ್ಲಿ ಕೂಗಿ ಹೇಳಿದ್ದಾಗಿತ್ತು.

"ಈಗ ಅಕ್ಕ ಹುಟ್ಟಿಕೊಂಡಳಾ?" ಎಂದ ಸ್ಕೂಟರಿನವನು, ಕೊರಳಪಟ್ಟಿ ಬಿಡದೆ. "ಅರ್ಧ ಗಂಟೆಯಿಂದ ನಕ್ಷೆ ತೋರಿಸ್ತಿದ್ದೆಯಂತಲ್ಲ, ಆಗೆಲ್ಲಿ ಹೋಗಿದ್ದಳು ನಿಮ್ಮಕ್ಕ? ಯಾರ ಕಿವಿಗೆ ಹೂ ಇಡ್ತೀಯ?"

"ನಾವೂ ಕೇಳಿದ್ವಲ್ಲ, ಜೊಂಡಿನಲ್ಲಿ ಏನಿದೆ ಅಂತ," ಎಂದರು ಅಧ್ಯಕ್ಷರು. "ಕಾನೂನಲ್ಲಿ ಇಲ್ಲ ಅಂದ್ರಿ."

ಕನ್ನಡಕವಿಲ್ಲದ ಅವನ ಕಣ್ಣಿಗೆ ಎಲ್ಲರ ಮುಖವೂ ಕಲಸಿಹೋಗಿತ್ತು, ಯಾರನ್ನು ನೋಡಿ ಬೇಡಿಕೊಳ್ಳಬೇಕೆಂದೂ ಗೊತ್ತಾಗಲಿಲ್ಲ. "ಹಳದಿ ಸ್ವೆಟರು," ಎಂದ ಗಾಳಿಗೆ. "ಹಳದಿ ಸ್ವೆಟರು ಹಾಕಿದಾಳೆ."

"ಹಳದಿ ಸ್ವೆಟರಾ?" ಇದು ಹೊಲಿಗೆಯಾಕೆಯ ದನಿ. "ಗುಂಡಿ ಒಂದು ತಪ್ಪಿ ಹಾಕಿಕೊಂಡಿದ್ರಲ್ಲ, ಒಂದು ಕಡೆ ಕೆಳಗೆ ಇಳಿಬಿದ್ದಿತ್ತು, ಅವರಾ?"

"ಎಲ್ಲಿ ನೋಡಿದ್ರಿ?"

"ನಮ್ಮ ಗೇಟಿಗೇ ಬಂದಿದ್ರು ಕಣ್ರೀ! ಮೂರೂವರೆ ಇರಬೇಕು. ನಾನು ಮಿಷಿನ್ನಿನ ಮುಂದೆ ಕೂತಿದ್ದೆ. ಪೋಸ್ಟಾಫೀಸಿಗೆ ಯಾವ ಕಡೆ ಹೋಗ್ಬೇಕು ಅಂತ ಕೇಳಿದ್ರು. ನಾನೇ ಹೇಳ್ದೆ, ಕ್ವಾರಿ ಪಕ್ಕದ ಕಾಲುದಾರೀಲಿ ಹೋದ್ರೆ ಹತ್ರ ಅಂತ." ಅವಳ ದನಿ ಒಡೆಯಿತು. "ಗುಂಡಿ ಸರಿ ಮಾಡ್ಕೊಳ್ಳಿ ಅಮ್ಮಾ ಅಂತ ಹೇಳೋಣ ಅಂದುಕೊಂಡೆ, ಅಷ್ಟರಲ್ಲಿ ಹೊರಟುಬಿಟ್ರು. ಅಲ್ಲಾರೀ, ನೀವು ಬಂದ ಕೂಡಲೇ ಒಂದು ಮಾತು ಕೇಳಬಾರದಾಗಿತ್ತಾ? ನಾನು ಆಗಲಿಂದ ಇಲ್ಲೇ ನಿಂತಿದ್ದೀನಲ್ಲ! ನಿಮ್ಮ ಮುಂದೇನೇ ನಿಂತಿದ್ದೀನಲ್ಲ!"

ಕೊರಳಪಟ್ಟಿಯ ಮೇಲಿನ ಕೈ ಸಡಿಲವಾಯಿತು. ಕನ್ನಡಕದವನಿಗೆ ಆ ಏಟಿಗಿಂತ ಈ ಮಾತು ಜೋರಾಗಿ ಬಿತ್ತು. ಒಂದು ಗಂಟೆ ಅವನು ಬೆಳ್ಳಕ್ಕಿ ಎಣಿಸುತ್ತಿದ್ದ, ಅಕ್ಕನನ್ನು ಕಂಡ ಕಣ್ಣು ಮೂರು ಮಾರು ದೂರದಲ್ಲಿ ಅವನ ಸರ್ಟಿಫಿಕೇಟು ಓದುತ್ತಿತ್ತು.

ಎಲ್ಲರೂ ಓಡಿದರು. ಜನ ಹಾಗೇ ತಾನೇ, ಹೊಡೆಯಲು ಓಡಿ ಬಂದವರೇ ಹುಡುಕಲೂ ಓಡುತ್ತಾರೆ. ಸ್ಕೂಟರಿನವನು ಎಲ್ಲರಿಗಿಂತ ಮುಂದೆ. ಕನ್ನಡಕದವನು ನಾಲ್ಕು ಹೆಜ್ಜೆಗೊಮ್ಮೆ ಎಡವಿದ. ಮೈನಸ್ ಆರು ಅವನದು, ಕನ್ನಡಕವಿಲ್ಲದೆ ತನ್ನ ಕಾಲಿನ ಬೆರಳೂ ಕಾಣದು. ಹೊಲಿಗೆಯಾಕೆ ಅವನ ತೋಳು ಹಿಡಿದು ಎಳೆದುಕೊಂಡು ಹೋದಳು. "ಕಲ್ಲಿದೆ, ಎತ್ತಿ ಹೆಜ್ಜೆ. ಇಲ್ಲಿ ಹಳ್ಳ, ಬನ್ನಿ ಬನ್ನಿ." ಅವಳ ಕೊರಳಿನ ಟೇಪು ಅವನ ಮುಖಕ್ಕೆ ಬಡಿಯುತ್ತಿತ್ತು. ದೇವರೇ, ಕೂತಲ್ಲೇ ಕೂತಿರಲಿ, ಎದ್ದೇಳದಿರಲಿ ಎಂದು ಅವನು ದಾರಿಯುದ್ದಕ್ಕೂ ಬಾಯಿಬಿಟ್ಟೇ ಹೇಳುತ್ತಿದ್ದ.

ಮೂರನೆಯ ಹೊಂಡದ ಅಂಚಿಗೆ ಬಂದಾಗ ಬಿಸಿಲು ಎದುರು ಬಂಡೆಯ ತುದಿಯಲ್ಲಿ ಮಾತ್ರ ಇತ್ತು. ಜನ ಒಮ್ಮೆಲೇ ನಿಂತರು.

"ಇದ್ದಾಳಾ?" ಎಂದು ಕೇಳಿದ ಅವನು.

"ಇದ್ದಾರೆ, ಇದ್ದಾರೆ. ಕೆಳಗಿನ ಕಲ್ಲಿನ ಮೇಲೆ. ಈಗ ಎದ್ದು ನಿಂತ್ರು." ಹೊಲಿಗೆಯಾಕೆ ಅವನ ತೋಳು ಗಟ್ಟಿ ಹಿಡಿದಳು. "ಹಿಂದೇನೇ ನೀರು ಕಣ್ರೀ. ಎಲ್ಲರೂ ಒಟ್ಟಿಗೆ ಹೋಗಬೇಡಿ, ಹೆದರಿಬಿಡ್ತಾರೆ!"

ಅವನಿಗೆ ಬೂದು ಬಂಡೆಯ ನಡುವೆ ಒಂದು ಹಳದಿ ಕಲೆ ಕಂಡಿತು. ಆ ಕಲೆಯ ಕಡೆಗೆ ಕೈ ಚಾಚಿ, ಕೂತುಕೊಂಡೇ ಜಾರುತ್ತಾ ಒಂದು ಮೆಟ್ಟಿಲು ಇಳಿದ. "ಅಕ್ಕಾ, ನಾನು. ಅಲ್ಲೇ ನಿಲ್ಲು. ಬಂದೆ."

"ಯಾರ್ರೀ ನೀವು?"

ಅದು ಅಂಚೆ ಕಚೇರಿಯ ಕಿಟಕಿಯ ಹಿಂದಿನ ದನಿ. ಮೂವತ್ತನಾಲ್ಕು ವರ್ಷ ಅಪರಿಚಿತರೊಂದಿಗೆ ಮಾತಾಡಿ ಪಳಗಿದ ದನಿ.

"ನಾನು ಕಣೇ. ನಿನ್ನ ತಮ್ಮ."

"ಮುಂದೆ ಬರಬೇಡಿ. ಯಾರು ಅಂತ ಕೇಳಿದ್ನಲ್ಲ? ನನಗೆ ಗೊತ್ತಿಲ್ಲ ಇವರು. ನೋಡಿ, ಯಾರಾದ್ರೂ ಬನ್ನಿ, ಇವರು ಯಾರೋ ಗೊತ್ತಿಲ್ಲ ನನಗೆ!"

ಹತ್ತು ವರ್ಷದವನಿದ್ದಾಗ ಅವನ ಮೂಗಿನ ಮೇಲೆ ಕನ್ನಡಕ ಕೂತದ್ದು, ಆಮೇಲೆ ಅದಿಲ್ಲದ ಅವನ ಮುಖವನ್ನು ಅವಳು ಕಂಡದ್ದೇ ಕಡಿಮೆ. ಈಗ ಆ ಮುಖದ ಒಂದು ಪಕ್ಕ ಊದಿತ್ತು, ತುಟಿಯಿಂದ ರಕ್ತ ಬರುತ್ತಿತ್ತು, ಮೈಮೇಲೆ ಡ್ರೋನ್ ಹಾರಿಸುವಾಗ ತೊಡುವ ಕಿತ್ತಳೆ ಬಣ್ಣದ ಜಾಕೀಟು. ಕಾರಣ ಅದೋ, ಕಾಯಿಲೆಯೋ, ಯಾರು ಹೇಳಬೇಕು. ಅವನು ಇನ್ನೊಂದು ಮೆಟ್ಟಿಲು ಜಾರಿದ. ಹಳದಿ ಕಲೆ ಹಿಂದಕ್ಕೆ ಸರಿಯಿತು.

"ನಿಲ್ರೀ! ಕಾಲು ಅಂಚಿಗೆ ಬಂತು!" ಎಂದು ಹೊಲಿಗೆಯಾಕೆ ಚೀರಿದಳು.

"ಅಕ್ಕ ಅಂದ್ರಲ್ರೀ?" ಎಂದರು ಮೇಲಿನಿಂದ ಅಧ್ಯಕ್ಷರು. ಅವರ ದನಿ ಮತ್ತೆ ಗಡುಸಾಗಿತ್ತು. "ಆಯಮ್ಮ ನಿಮ್ಮನ್ನ ಗೊತ್ತೇ ಇಲ್ಲ ಅಂತಿದ್ದಾರಲ್ಲ? ಏನ್ರೀ ನಿಮ್ಮ ಕಥೆ?"

ಅವನ ಕೈ ರೂಢಿಯಂತೆ ಹೆಗಲ ಚೀಲಕ್ಕೆ ಹೋಯಿತು. ನೋಂದಣಿ ಇತ್ತು, ಸರ್ಟಿಫಿಕೇಟು ಇತ್ತು, ಹಸಿರು ವಲಯದ ನಕ್ಷೆ ಇತ್ತು. ಕೈಯನ್ನು ವಾಪಸು ತೆಗೆದು ಬಂಡೆಯ ಮೇಲಿಟ್ಟುಕೊಂಡ. ಅಲ್ಲೇ ಕೂತು, ಐವತ್ತೊಂದು ವರ್ಷದ ಗಂಡಸು, ಗಳಗಳನೆ ಅತ್ತುಬಿಟ್ಟ.

ಸ್ಕೂಟರಿನವನು ಅವನನ್ನು ದಾಟಿ ಎಚ್ಚರಿಕೆಯಿಂದ ಎರಡು ಮೆಟ್ಟಿಲು ಇಳಿದು, ಬಂಡೆಗೆ ಬೆನ್ನು ಆನಿಸಿ ನಿಂತ. ಅಕ್ಕ ಸ್ಕೂಟರಿನವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಅವಳ ದನಿ ಸಂಪೂರ್ಣ ಬದಲಾಯಿತು.

"ಗುಬ್ಬಿ! ಎಷ್ಟು ಹೊತ್ತೋ ನಿನಗೆ ಕಾಯೋದು?"

ಸ್ಕೂಟರಿನವನು ಕಕ್ಕಾಬಿಕ್ಕಿಯಾಗಿ ಮೇಲೆ ನೋಡಿದ. ಆ ಹೆಸರಿನಿಂದ ಕನ್ನಡಕದವನನ್ನು ಕರೆಯುವವಳು ಲೋಕದಲ್ಲಿ ಒಬ್ಬಳೇ ಇದ್ದಳು. ಅವಳೂ ಹೀಗೆ ಕರೆದು ಎಷ್ಟೋ ವರ್ಷವಾಗಿತ್ತು.

"ಗುಬ್ಬಿ ನಾನು," ಎಂದ ಅವನು ಮೆಲ್ಲಗೆ, ಸ್ಕೂಟರಿನವನಿಗೆ ಮಾತ್ರ ಕೇಳುವಂತೆ. "ಹೂಂ ಅನ್ನಿ. ನಾನೇ ಅಂತ ಹೇಳಿ."

ಸ್ಕೂಟರಿನವನು ಅವನ ಊದಿದ ಕೆನ್ನೆಯನ್ನು ಒಮ್ಮೆ ನೋಡಿದ. "ಹೂಂ ಅಕ್ಕ," ಎಂದ. "ನಾನೇ. ಬಾ, ಮನೆಗೆ ಹೋಗೋಣ. ಕೈ ಕೊಡು."

ಅವಳು ತಡಮಾಡದೆ ಕೈ ಕೊಟ್ಟಳು. ಅವನು ಅವಳನ್ನು ಅಂಚಿನಿಂದ ಎಳೆದುಕೊಂಡು, ಒಂದೊಂದೇ ಮೆಟ್ಟಿಲು ಹತ್ತಿಸಿದ. ಅವರು ಹಾದು ಹೋಗಲೆಂದು ಕನ್ನಡಕದವನು ಮುಖ ತಿರುಗಿಸಿಕೊಂಡು ಬಂಡೆಗೆ ಒತ್ತಿ ಕೂತ. ಸ್ವೆಟರಿನ ತೋಳು ಅವನ ಹೆಗಲಿಗೆ ತಾಗಿಕೊಂಡು ಹೋಯಿತು. ಮೇಲೆ ಅಧ್ಯಕ್ಷರು ತಮ್ಮ ಮಫ್ಲರು ಬಿಚ್ಚಿ ಅಕ್ಕನ ತಲೆಗೆ ಸುತ್ತಿದರು, ಹೊಲಿಗೆಯಾಕೆ ಬಗ್ಗಿ ಅವಳ ಸ್ವೆಟರಿನ ಗುಂಡಿಗಳನ್ನು ಬಿಚ್ಚಿ ಸರಿಯಾಗಿ ಹಾಕಿದಳು. ಯಾರೂ ಅವನ ಕಡೆ ನೋಡಲಿಲ್ಲ, ನೋಡಲು ಅವರಿಗೂ ನಾಚಿಕೆಯಾಗಿದ್ದಿರಬೇಕು. ಅವನು ಹೆಂಡತಿಗೆ ಫೋನು ಮಾಡಿ "ಸಿಕ್ಕಿದಳು" ಎಂದ. "ಹೇಗಿದ್ದಾರೆ?" ಎಂದು ಕೇಳಿದಳು. "ನೀನು ಬೇಗ ಬಾ," ಎಂದ. "ನಿನ್ನನ್ನಾದ್ರೂ ಗುರುತು ಹಿಡೀತಾಳೇನೋ."

ಕಾಲುದಾರಿಯಲ್ಲಿ ಜನ ಮುಂದೆ ಹೋದರು. ಅಕ್ಕ ಸ್ಕೂಟರಿನವನ ಕೈ ಹಿಡಿದುಕೊಂಡು ನಿಧಾನವಾಗಿ ನಡೆಯುತ್ತಿದ್ದಳು. ಕನ್ನಡಕದವನು ಜಾಕೀಟು ಕಳಚಿ ಕಂಕುಳಲ್ಲಿ ಇಟ್ಟುಕೊಂಡು, ಹತ್ತು ಹೆಜ್ಜೆ ಬಿಟ್ಟು, ದಾರಿಯನ್ನು ಕಾಲಿನಲ್ಲೇ ತಡವುತ್ತಾ ಬಂದ.

"ಲೆಕ್ಕದ ಪರೀಕ್ಷೆ ಏನಾಯ್ತೋ?" ಎಂದು ಅಕ್ಕ ಕೇಳಿದಳು.

ಸ್ಕೂಟರಿನವನ ನಡಿಗೆ ನಿಧಾನವಾಯಿತು. ತಲೆ ಸ್ವಲ್ಪ ಹಿಂದಕ್ಕೆ ತಿರುಗಿತು.

"ಪಾಸಾಯ್ತು ಅನ್ನಿ," ಎಂದ ಕನ್ನಡಕದವನು ಹಿಂದಿನಿಂದ, ಪಿಸುದನಿಯಲ್ಲಿ. ಆ ಪರೀಕ್ಷೆಯಲ್ಲಿ ಅವನು ಎರಡು ಸಲ ಫೇಲಾಗಿದ್ದ.

"ಪಾಸಾಯ್ತು ಅಕ್ಕ."

"ನನಗೆ ಗೊತ್ತಿತ್ತು." ಅವಳು ನಾಲ್ಕು ಹೆಜ್ಜೆ ನಡೆದು, ಏನೋ ನೆನಪಾದವಳಂತೆ ನಿಂತಳು. "ಗುಬ್ಬಿ, ಹಿಂದೆ ಯಾರೋ ಬರ್ತಿದ್ದಾರೆ ನೋಡೋ."

ಸ್ಕೂಟರಿನವನು ತಿರುಗಿ ನೋಡಿದ. ಕನ್ನಡಕದವನು ಬೇಡವೆಂದು ಕೈಯಾಡಿಸಿದ.

"ಯಾರೂ ಇಲ್ಲ ಅಕ್ಕ," ಎಂದ ಸ್ಕೂಟರಿನವನು. "ದಾರೀಲಿ ಹೋಗೋರು."

ಅವರು ಮತ್ತೆ ನಡೆದರು. ಕನ್ನಡಕದವನು ನಿಂತ ಕಡೆಯೇ ನಿಂತಿದ್ದು, ಹಳದಿ ಬಣ್ಣ ಇನ್ನೇನು ಮಬ್ಬಿನಲ್ಲಿ ಕರಗುತ್ತದೆ ಎನ್ನುವಾಗ ಹೆಜ್ಜೆ ಎತ್ತಿಟ್ಟ.